ಹುಲ್ಲಿನ ಹೊರೆ ಹೊತ್ತ ಅಕ್ಕ

ಪುಟ್ಟಿ, ಚಿನ್ನು, ಮರಿ, ಮೂವರೂ ಒಟ್ಟಿಗೆ ಕೂತು ಇದನ್ನು ಓದಿ. ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದಿದ್ದೇನೆ, ದೊಡ್ಡವರಾದೆವು ಎಂದು ಕೋಪ ಮಾಡಿಕೊಳ್ಳಬೇಡಿ. ಹೋದ ಡಿಸೆಂಬರಿನಲ್ಲಿ ನೀವು ಬಾಲ್ಕನಿಗೆ ಕಾಗದದ ನಕ್ಷತ್ರ ಕಟ್ಟಿ ಒಳಗೆ ಬಲ್ಬು ಹಾಕಿದಿರಿ. ಆಮೇಲೆ ನನ್ನ ಹತ್ತಿರ ಬಂದು, "ಅಜ್ಜಿ, ನಿಮ್ಮ ಕಾಲದಲ್ಲಿ ಕ್ರಿಸ್‌ಮಸ್‌ಗೆ ಏನ್ ಮಾಡ್ತಿದ್ರಿ?" ಎಂದು ಕೇಳಿದಿರಿ. "ಹಳ್ಳಿಯವಳಿಗೆ ಅದೆಲ್ಲ ಏನು ಗೊತ್ತು" ಎಂದು ಹೇಳಿ ನಾನು ಅಡುಗೆಮನೆಗೆ ಎದ್ದುಹೋದೆ. ನಾನು ಹೇಳಿದ್ದು ಸುಳ್ಳು. ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಎದ್ದುಹೋದೆ. ಎದುರು ಕೂತು ಹೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ. ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ, ಅದರಲ್ಲಿ ಬರೆಯುತ್ತೇನೆ.

ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ನಾನು ರಾಜಾಜಿನಗರಕ್ಕೆ ಬಂದಾಗ ನನಗೆ ಹದಿನೇಳು ವರ್ಷ. ನಿಮ್ಮ ತಾತ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ರಾಜಾಜಿನಗರ ಆಗ ಹೆಸರಿಗೆ ಮಾತ್ರ ನಗರ. ಸೈಟಿನ ಕಲ್ಲು ನೆಟ್ಟ ಕೆಮ್ಮಣ್ಣಿನ ಬಯಲು, ಅಲ್ಲೊಂದು ಇಲ್ಲೊಂದು ಮನೆಗಳ ಸಾಲು, ನಡುನಡುವೆ ಹೊಂಗೆ ಗಿಡ. ಬೆಳಿಗ್ಗೆ ಕುರುಬರಹಳ್ಳಿಯ ಹೆಂಗಸರು ಹಾಲು ತರುತ್ತಿದ್ದರು. ನಮ್ಮ ಸಾಲಿನಲ್ಲಿ ಆರು ಮನೆ, ಆರಕ್ಕೂ ಸೇರಿ ಒಂದೇ ನಲ್ಲಿ. ನಾನು ಮೊದಲ ಒಂದು ತಿಂಗಳು ಆ ನಲ್ಲಿಯ ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿಕೊಂಡು ನೀರು ಹಿಡಿಯುತ್ತಿದ್ದೆ. ಅಷ್ಟು ನಾಚಿಕೆ.

ನನ್ನನ್ನು ಮಾತಿಗೆ ಎಳೆದವರು ಪಕ್ಕದ ಮನೆಯ ಅಕ್ಕ. ಕೊಳ್ಳೇಗಾಲದ ಕಡೆಯ ಕ್ರೈಸ್ತರು, ಅವರ ಯಜಮಾನರೂ ನಿಮ್ಮ ತಾತನ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದರು. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಹಣೆಗೆ ಕುಂಕುಮ ಇಲ್ಲ ಎನ್ನುವುದನ್ನು ಬಿಟ್ಟರೆ ನಮ್ಮೂರ ಹೆಂಗಸರ ಹಾಗೆಯೇ ಇದ್ದರು, ರಾಗಿ ಮುದ್ದೆ ನಮಗಿಂತ ಚೆನ್ನಾಗಿ ತೊಳಸುತ್ತಿದ್ದರು. ಒಂದು ದಿನ ನಾನು ಬಿಂದಿಗೆ ತುಂಬಿಕೊಂಡು ಓಡುವಾಗ ಬಾಗಿಲಲ್ಲಿ ನಿಂತು, "ಯಾಕೇ ಹುಡುಗಿ, ನೀರು ಕದ್ಕೊಂಡು ಹೋಗೋಳ ಥರ ಓಡ್ತೀಯ? ಬಾ ಇಲ್ಲಿ, ಕಾಫಿ ಕುಡಿ" ಎಂದರು. ನಾನು ಹೋದೆ. ಆಮೇಲೆ ದಿನಾ ಹೋದೆ.

ನಮ್ಮ ಗುಂಪಿನಲ್ಲಿ ಇನ್ನೊಬ್ಬಳಿದ್ದಳು, ಎದುರು ಮನೆಯವಳು. ಬೆಂಗಳೂರಿನ ಪೇಟೆಯಲ್ಲೇ ಹುಟ್ಟಿ ಬೆಳೆದವಳು, ಬಾಯಿ ಬಹಳ. ನಾವು ಮೂವರೂ ಮಧ್ಯಾಹ್ನ ಗಂಡಸರು ಊಟ ಮುಗಿಸಿ ಹೋದ ಮೇಲೆ ಅಕ್ಕನ ಮನೆಯ ಮುಂದಿನ ಜಗಲಿಯಲ್ಲಿ ಸೇರುತ್ತಿದ್ದೆವು.

ನಾನು ಬಂದ ವರ್ಷದ ಡಿಸೆಂಬರಿನಲ್ಲಿ ಅಕ್ಕನ ಜಗಲಿ ನಮ್ಮೆಲ್ಲರ ಜಗಲಿ. ಮೈದಾ ಹಿಟ್ಟಿಗೆ ತೆಂಗಿನ ಹಾಲು ಹಾಕಿ ಕಲಸಿ ಸಣ್ಣ ಸಣ್ಣ ಉಂಡೆ ಮಾಡಿ, ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯ ಶಂಖದ ಹಾಗೆ ಬರುತ್ತಿತ್ತು. ಅದನ್ನು ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಅದಕ್ಕೆ ಕಲ್‌ಕಲ್ ಎನ್ನುತ್ತಿದ್ದರು. ನಾನು ಒತ್ತಿದ್ದೆಲ್ಲ ದಪ್ಪ. ಎದುರು ಮನೆಯವಳು ಅದನ್ನು ಎತ್ತಿ ಹಿಡಿದು, "ನೋಡಿ ಅಕ್ಕ, ಇವಳು ಶಂಖ ಮಾಡು ಅಂದ್ರೆ ಬಸವನಹುಳು ಮಾಡಿದಾಳೆ" ಎನ್ನುವಳು. ಅಕ್ಕ, "ಮಾಡ್ಲಿ ಬಿಡೇ, ಅದನ್ನ ನಿನ್ನ ಗಂಡನ ತಟ್ಟೆಗೆ ಹಾಕ್ತೀನಿ" ಎನ್ನುವರು. ನಗುನಗುತ್ತ ಸಂಜೆಯಾಗುತ್ತಿತ್ತು. ನಿಜ ಹೇಳಬೇಕೆಂದರೆ ನನ್ನ ಜೀವನದಲ್ಲಿ ಅಷ್ಟು ಹಗುರವಾಗಿ ಮತ್ತೆ ಯಾರ ಜೊತೆಯೂ ನಕ್ಕಿಲ್ಲ.

ಅವರ ಹಬ್ಬದಲ್ಲಿ ಇನ್ನೊಂದು ಪದ್ಧತಿ ಇತ್ತು. ಮನೆಯ ಮೂಲೆಯಲ್ಲಿ ದನದ ಕೊಟ್ಟಿಗೆ ಕಟ್ಟಿ, ಮಣ್ಣಿನ ಹಸು ಕುರಿ ಇಟ್ಟು, ನಡುವೆ ಹಸುಗೂಸನ್ನು ಮಲಗಿಸುವುದು. ಅದಕ್ಕೆ ಗೋದಲಿ ಎನ್ನುತ್ತಾರೆ. ಕೊಟ್ಟಿಗೆಯ ಸುತ್ತ ಹಸಿರು ಹೊಲ ಬೇಕು. ಅದಕ್ಕಾಗಿ ಹತ್ತು ಹನ್ನೆರಡು ದಿನ ಮುಂಚೆಯೇ ತಟ್ಟೆಗಳಲ್ಲಿ ರಾಗಿ ಬಿತ್ತಿ ಪೈರು ಬೆಳೆಸುತ್ತಾರೆ. ಹಿಂದಿನ ವರ್ಷ ಅಕ್ಕ ನೀರು ಜಾಸ್ತಿ ಸುರಿದು ಎಲ್ಲ ಕೊಳೆಸಿದ್ದರಂತೆ. ಆ ವರ್ಷ ನನ್ನನ್ನು ಕರೆದು, "ನೀನು ರಾಗಿ ಹೊಲದಲ್ಲಿ ಬೆಳೆದೋಳು. ನಮ್ಮ ಗೋದಲಿಯ ಪೈರು ನಿಂದೇ. ಹಬ್ಬದ ಹಿಂದಿನ ಸಂಜೆ ನೀನೇ ತಂದು ನಿನ್ ಕೈಯಾರ ಇಡ್ಬೇಕು" ಎಂದರು.

ಪಟ್ಟಣದಲ್ಲಿ ನನಗೆ ಗೊತ್ತಿದ್ದ ಕೆಲಸವನ್ನು ಒಬ್ಬರು ಕೇಳಿದ್ದು ಅದೇ ಮೊದಲು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಚಳಿಗೆ ಮೊಳಕೆ ತಡವಾಗುತ್ತದೆಂದು ಒಲೆಯ ಪಕ್ಕದಲ್ಲಿಟ್ಟೆ. ಜರಡಿ ಹಿಡಿದ ಮಣ್ಣಿಗೆ ಒಣಗಿದ ಸಗಣಿಯ ಪುಡಿ ಬೆರೆಸಿ ನಾಲ್ಕು ತಟ್ಟೆಗಳಲ್ಲಿ ಬಿತ್ತಿದೆ. ಕೈಯಲ್ಲಿ ಚಿಮುಕಿಸಿ ನೀರು ಹಾಕುತ್ತಿದ್ದೆ. ಐದನೇ ದಿನಕ್ಕೆ ಸೂಜಿಮೊನೆಯಷ್ಟು ಹಸಿರು ಎದ್ದಿತು.

ಹಬ್ಬಕ್ಕೆ ಮೂರು ದಿನ ಇದ್ದಾಗ ನಾವು ಮೂವರೂ ಬಸ್ಸು ಹತ್ತಿ ಸಿಟಿ ಮಾರ್ಕೆಟ್ಟಿಗೆ ಹೊರಟೆವು. ನಕ್ಷತ್ರಕ್ಕೆ ಬಣ್ಣದ ಕಾಗದ, ಬಿದಿರ ಸೀಳು, ಕೊಟ್ಟಿಗೆಯ ಮಾಡಿಗೆ ಒಣಹುಲ್ಲು ತರಬೇಕಿತ್ತು. ನನ್ನ ಹತ್ತಿರ ಹೊರಗೆ ಹೋಗುವಂಥ ಸೀರೆ ಇರಲಿಲ್ಲ. ಇದ್ದ ಮದುವೆ ಸೀರೆ ಬಹಳ ಭಾರ. ಅಕ್ಕ ಪೆಟ್ಟಿಗೆಯಿಂದ ತಮ್ಮ ನೀಲಿ ಸೀರೆ ತೆಗೆದು ನನಗೆ ಉಡಿಸಿದರು. ತಾವು ಮಾತ್ರ, "ಹುಲ್ಲು ತರೋಕೆ ಹೋಗೋಳಿಗೆ ಯಾವ್ ಸೀರೆ ಆದ್ರೇನು" ಎಂದು ಮಾಸಿದ ಹಳೇ ಸೀರೆಯಲ್ಲೇ ಹೊರಟರು.

ನಿಮಗೆ ನಗು ಬರಬಹುದು, ಅವತ್ತು ನಾನು ಮೊಟ್ಟಮೊದಲ ಸಲ ಹೋಟೆಲಿನಲ್ಲಿ ತಿಂಡಿ ತಿಂದೆ. ಪರದೆ ಹಾಕಿದ ಫ್ಯಾಮಿಲಿ ರೂಮು. ಮಸಾಲೆ ದೋಸೆ ಬಂತು. ಎಲ್ಲಿಂದ ಮುರಿಯಬೇಕೆಂದು ತಿಳಿಯದೆ ನಾನು ನೋಡುತ್ತ ಕೂತಿದ್ದೆ. ಎದುರು ಮನೆಯವಳು, "ಕೈ ಮುಗಿದಾಯ್ತಾ? ಇನ್ನು ತಿನ್ನು" ಎಂದಳು. ನಾನು ಪರದೆಯ ಸಂದಿಯಿಂದ ಯಾರಾದರೂ ನಮ್ಮೂರವರು ಕಾಣುತ್ತಾರೋ ಎಂದು ಇಣುಕುತ್ತಲೇ ತಿಂದೆ. ಅದಕ್ಕೆ ಕಾರಣ ಇತ್ತು. ನಾನು ಊರು ಬಿಡುವಾಗ ನಮ್ಮತ್ತೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದರು: "ಕಂಡೋರ ಮನೇಲಿ ಉಣ್ಣೋದು, ಪ್ಯಾಟೆ ಹೆಂಗಸ್ರ ಜೊತೆ ಬೀದಿ ಸುತ್ತೋದು ನನ್ನ ಕಿವಿಗೆ ಬಿತ್ತೋ, ಗಂಟು ಕಟ್ಟಿಸಿ ವಾಪಸ್ ಕರ್ಕಂಬತ್ತೀನಿ. ಅವ್ನು ಬೇಕಾದ್ರೆ ಒಬ್ನೇ ಬೇಯಿಸ್ಕಂಡು ತಿನ್ಲಿ." ನಾನು ಎರಡನ್ನೂ ಮಾಡಿದ್ದೆ.

ಮಾರ್ಕೆಟ್ಟಿನ ಹೊರಗೆ ಹುಲ್ಲು ಕೊಂಡೆವು. ಅಕ್ಕನಿಗೆ ಹುಡುಗಾಟ ಹತ್ತಿತು. ಸೆರಗನ್ನು ಸಿಂಬಿ ಸುತ್ತಿ ತಲೆಗಿಟ್ಟು, ಹೊರೆಯನ್ನು ಮೇಲೇರಿಸಿ, ಕೈಬಿಟ್ಟು ನಡೆದು ತೋರಿಸಿದರು. "ನೋಡ್ರೇ, ಊರು ಬಿಟ್ಟು ಹತ್ತು ವರ್ಷ ಆದ್ರೂ ಕತ್ತು ಮರ್ತಿಲ್ಲ." ನಾವಿಬ್ಬರೂ ಹಿಂದೆ ನಗುತ್ತ ಬರುತ್ತಿದ್ದೆವು.

ಆಗ ಎದುರಿಗೆ ದೊಡ್ಡಮಾವ ಬಂದರು.

ದೊಡ್ಡಮಾವ ಎಂದರೆ ನಿಮ್ಮ ತಾತನ ದೊಡ್ಡಪ್ಪ. ತಂದೆಯಿಲ್ಲದ ನಿಮ್ಮ ತಾತನನ್ನು ಸಾಕಿ ಓದಿಸಿದವರು, ನಮ್ಮ ಮನೆಗೆ ಅವರ ಮಾತೇ ಕೊನೆಯದು. ಹೆಗಲ ಮೇಲೆ ಅವರೆಕಾಯಿಯ ಮೂಟೆ ಹೊತ್ತುಕೊಂಡು, ಎತ್ತಿಗೆ ಹಗ್ಗ ಕೊಳ್ಳಲು ಬಂದವರು ಹಾಗೇ ನಮ್ಮ ಮನೆಗೆ ಬರುವುದರಲ್ಲಿದ್ದರು. ನಾನು ಸೆರಗು ತಲೆಗೆಳೆದುಕೊಂಡು ಪಕ್ಕಕ್ಕೆ ಸರಿದೆ.

"ಏನವ್ವ, ಮಾರ್ಕೆಟ್ಗೆ ಬಂದಿದ್ಯಾ? ಅವ್ನು ಎಲ್ಲಿ?"

"ಕೆಲಸಕ್ಕೆ ಹೋಗಿದಾರೆ ಮಾವ."

ಅವರು ನನ್ನ ಸೀರೆ ನೋಡಿದರು. ಆಮೇಲೆ ಅಕ್ಕನ ತಲೆಯ ಮೇಲಿನ ಹುಲ್ಲನ್ನು, ಮಾಸಿದ ಸೀರೆಯನ್ನು ನೋಡಿದರು. "ಈವಮ್ಮ ಯಾರು, ಕೆಲ್ಸದೋಳಾ?"

ಅಲ್ಲ ಮಾವ, ಪಕ್ಕದ ಮನೆಯವರು ಎಂದರೆ ಸಾಕಿತ್ತು. ನಾಲ್ಕು ಮಾತು. ನಾನು ಬಗ್ಗಿಸಿದ ತಲೆ ಎತ್ತದೆ "ಹ್ಞೂಂ ಮಾವ" ಎಂದುಬಿಟ್ಟೆ.

ಎದುರು ಮನೆಯವಳು ಬಾಯಿ ತೆರೆದಳು. ಅಕ್ಕ ಅವಳ ತೋಳು ಚಿವುಟಿದ್ದನ್ನು ನಾನು ಓರೆಗಣ್ಣಿನಲ್ಲಿ ಕಂಡೆ. ಅವಳು ಮುಖ ಗಂಟಿಕ್ಕಿಕೊಂಡು, ದಾರ ಕೊಳ್ಳಬೇಕು ಎಂದು ಹೇಳಿ ಅಲ್ಲಿಂದಲೇ ಬೇರೆಯಾಗಿ ಹೋದಳು. ಅಲ್ಲಿಯವರೆಗೆ ಮುಂದೆ ನಡೆಯುತ್ತಿದ್ದ ಅಕ್ಕ ಹಿಂದಕ್ಕೆ ಬಂದರು. ನನ್ನ ಕೈಯಲ್ಲಿದ್ದ ಬಣ್ಣದ ಕಾಗದದ ಸುರುಳಿ, ಬಿದಿರ ಸೀಳು ಎಲ್ಲವನ್ನೂ ತೆಗೆದುಕೊಂಡರು, ಕೆಲಸದವರು ತೆಗೆದುಕೊಳ್ಳುವ ಹಾಗೆ. ನಾನು ಕೊಟ್ಟೆ. ಮಕ್ಕಳೇ, ನಾನು ಕೊಟ್ಟೆ.

ಬಸ್ಸಿನಲ್ಲಿ ಎರಡೇ ಜಾಗ ಇತ್ತು. ದೊಡ್ಡಮಾವ ಕೂತು, ಪಕ್ಕದ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಅಕ್ಕ ಹುಲ್ಲು ಹಿಡಿದುಕೊಂಡು ನಿಂತರು. ಎರಡು ಸ್ಟಾಪು ದಾಟಿದ ಮೇಲೆ ದೊಡ್ಡಮಾವನೇ ತಿರುಗಿ, "ಕೂತ್ಕಳವ್ವ ನೀನು, ನಾನ್ ನಿಂತ್ಕತೀನಿ" ಎಂದರು. ಅಕ್ಕ, "ಪರವಾಗಿಲ್ಲ ಯಜಮಾನ್ರೆ, ಹುಲ್ಲು ಚುಚ್ತದೆ ನಿಮಗೆ" ಎಂದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮಾಗಡಿ ರಸ್ತೆ ಅಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ.

ಬಸ್ಸಿಳಿದ ಮೇಲೆ ಅಕ್ಕ ಬೇಕೆಂದೇ ಹಿಂದೆ ಉಳಿದು, ನಾವು ಒಳಗೆ ಹೋದ ಮೇಲೆ ತಮ್ಮ ಮನೆ ಸೇರಿದರು. ದೊಡ್ಡಮಾವ ನಮ್ಮ ಮನೆಯಲ್ಲಿ ಉಳಿದುಕೊಂಡರು. ಆ ಎರಡು ದಿನ ಅಕ್ಕ ನಮ್ಮ ಮನೆಯ ಕಡೆ ಬರಲಿಲ್ಲ, ನಾನೂ ಹೋಗಲಿಲ್ಲ. ಅವರೆಕಾಯಿ ಸುಲಿಯುತ್ತ ಒಳಗೇ ಕೂತೆ. ಗೋಡೆಯಾಚೆ ಅವರ ಮನೆಗೆ ನೆಂಟರು ಬಂದ ಸದ್ದು, ಮಕ್ಕಳ ಗಲಾಟೆ, ಕರಿಯುವ ವಾಸನೆ. ನಿಮ್ಮ ತಾತನಿಗೆ ಮೆಲ್ಲಗೆ ಹೇಳಿದೆ. ಅವರು, "ನಾನು ದೊಡ್ಡಪ್ಪನಿಗೆ ಹೇಳಿದ್ರೆ ಅದು ನಾನು ಹೇಳಿದ ಹಾಗಾಯ್ತು. ನೀನು ಹೇಳ್ಬೇಕು. ಅವರ ಹಬ್ಬ ಮುಗಿಯೋದ್ರೊಳಗೆ ಹೇಳು" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಹಬ್ಬದ ಹಿಂದಿನ ದಿನ, ಬಿಸಿಲು ಇಳಿಯುವ ಹೊತ್ತಿಗೆ, ದೊಡ್ಡಮಾವ ಹಿತ್ತಲಿನಲ್ಲಿ ನನ್ನ ರಾಗಿ ತಟ್ಟೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಪೈರು ನಾಲ್ಕು ಬೆರಳಿನಷ್ಟು ಎದ್ದು, ಒತ್ತಾಗಿ ನಿಂತಿತ್ತು.

"ಇದ್ಯಾಕವ್ವ, ತಟ್ಟೇಲಿ ವ್ಯವಸಾಯ?"

"ಪಕ್ಕದ ಮನೆಯವರು ಕೇಳಿದ್ರು ಮಾವ. ನಾಳೆ ಅವರ ಹಬ್ಬ. ಹಬ್ಬಕ್ಕೆ ಪೈರು ಇಡ್ತಾರಂತೆ."

"ಪೈರು ಇಟ್ಟು ಹಬ್ಬ ಮಾಡ್ತಾರಾ? ಒಳ್ಳೆ ಜನ ಆಗಿರ್ಬೇಕು." ಬೆರಳಿಂದ ಪೈರಿನ ತುದಿ ಸವರಿದರು. "ಮತ್ತೆ ಇನ್ನೂ ಯಾಕ್ ಕೊಟ್ಟಿಲ್ಲ? ಹೊತ್ತು ಮುಳುಗ್ತಾ ಐತೆ. ನಡಿ, ಎರಡು ನಾನ್ ತತ್ತೀನಿ."

"ಆಮೇಲೆ ಕೊಡ್ತೀನಿ ಮಾವ" ಎಂದೆ. ಅವರು ಆಗಲೇ ಎರಡು ತಟ್ಟೆ ಎತ್ತಿಕೊಂಡು ಹೊರಟಿದ್ದರು. ನಾನು ಉಳಿದೆರಡನ್ನು ಎತ್ತಿಕೊಂಡು ಹಿಂದೆ ಓಡಿದೆ.

ಬಾಗಿಲು ತೆರೆದಿತ್ತು. ಒಳಗೆ ಅಕ್ಕ, ಅವರ ಯಜಮಾನರು, ಅವರ ನಾದಿನಿಯ ಸಂಸಾರ. ಅಕ್ಕ ಕೆಂಪು ರೇಷ್ಮೆ ಸೀರೆಯುಟ್ಟು ಮಲ್ಲಿಗೆ ಮುಡಿದಿದ್ದರು. ದೊಡ್ಡಮಾವ ಹೊಸ್ತಿಲ ಮೇಲೆ ನಿಂತು ಅವರನ್ನು ನೋಡಿ, "ಓಹೋ, ನೀನು ಈ ಮನೆಗೂ ಕೆಲ್ಸಕ್ಕೆ ಬತ್ತೀಯಾ?" ಎಂದರು. ಕೆಟ್ಟ ಮನಸ್ಸಿನಿಂದ ಅಲ್ಲ, ಗುರುತು ಸಿಕ್ಕಿದ ಸಂತೋಷದಿಂದ.

ಅಕ್ಕನ ಯಜಮಾನರು ಎದ್ದು ನಿಂತರು. "ಕೆಲಸಕ್ಕಾ? ಇವಳು ನನ್ನ ಹೆಂಡತಿ. ಯಾರು ಹೇಳಿದ್ದು ನಿಮಗೆ?"

ದೊಡ್ಡಮಾವ ತಿರುಗಿ ನನ್ನನ್ನು ನೋಡಿದರು. "ನೀನೇ ಅಂದ್ಯಲ್ಲವ್ವ."

ಎಲ್ಲರೂ ನನ್ನನ್ನು ನೋಡಿದರು. ಅಕ್ಕನೂ ನೋಡಿದರು. ಅವರು ಕಾಯುತ್ತಿದ್ದಾರೆ ಎಂದು ನನಗೆ ತಿಳಿಯಿತು. ಎರಡು ಉಸಿರಿನಷ್ಟು ಹೊತ್ತು ಇರಬಹುದು. ಕೈಯಲ್ಲಿದ್ದ ತಟ್ಟೆಗಳನ್ನೇ ನೋಡುತ್ತ ನಿಂತೆ.

ಆಮೇಲೆ ಅಕ್ಕ ನಕ್ಕರು. "ನಾನೇ ತಮಾಷೆ ಮಾಡಿದ್ದು ಯಜಮಾನ್ರೆ. ತಲೆ ಮೇಲೆ ಹೊರೆ ಇತ್ತಲ್ಲ, ನೀವು ಕೇಳಿದಾಗ ಹೂಂ ಅನ್ನು ಅಂತ ಇವಳಿಗೆ ಕಣ್ಸನ್ನೆ ಮಾಡಿದ್ದೆ. ಬನ್ನಿ ಒಳಗೆ."

ದೊಡ್ಡಮಾವ ದಡ್ಡರಲ್ಲ. ತಟ್ಟೆಗಳನ್ನು ಕೆಳಗಿಟ್ಟು, ಎರಡೂ ಕೈ ಜೋಡಿಸಿ, "ತಪ್ಪಾಯ್ತು ತಾಯಿ. ಬಸ್ನಲ್ಲಿ ನಿನ್ನ ನಿಲ್ಲಿಸ್ಕಂಡು ನಾನು ಕೂತಿದ್ದೆ" ಎಂದರು. ಆಮೇಲೆ, ನಾನು ಯಾರಿಗೆ ಹೆದರಿ ಇಷ್ಟೆಲ್ಲ ಮಾಡಿದೆನೋ ಆ ಮನುಷ್ಯ, ಒಳಗೆ ಹೋಗಿ ಚಾಪೆಯ ಮೇಲೆ ಕೂತು ಅವರು ಕೊಟ್ಟ ಕಾಫಿ ಕುಡಿದರು, ಕಲ್‌ಕಲ್ ತಿಂದರು. ಗೋದಲಿಯ ಮುಂದೆ ಬಗ್ಗಿ, "ಇದೇನು, ಕೊಟ್ಟಿಗೇಲಿ ಮಗು?" ಎಂದು ಕೇಳಿದರು. ಅಕ್ಕನ ಯಜಮಾನರು ಇನ್ನೂ ಬಿಗಿದ ಮುಖದಲ್ಲೇ ಕಥೆ ಹೇಳಿದರು. "ದನದ ಕೊಟ್ಟಿಗೇಲಿ ಹುಟ್ಟಿದೋನು ಅಂದ್ರೆ ನಮ್ಮ ಪೈಕೀನೇ ಬಿಡಿ" ಎಂದು ದೊಡ್ಡಮಾವ ಹೇಳಿದಾಗ ಅವರಿಗೂ ನಗು ಬಂತು. ಪೈರಿನ ತಟ್ಟೆಗಳನ್ನು ದೊಡ್ಡಮಾವನೇ ಸುತ್ತಲೂ ಜೋಡಿಸಿದರು. ನನ್ನ ಕೈಲಿದ್ದ ಎರಡನ್ನು ಅಕ್ಕನ ನಾದಿನಿ ಬಂದು ತೆಗೆದುಕೊಂಡು ಹೋದರು. ಒಳಗೆ ಬಾ ಎಂದು ಅಕ್ಕ ಕರೆದರು. ಒಲೆಯ ಮೇಲೆ ಸಾರು ಇದೆ ಎಂದು ಹೇಳಿ ನಾನು ಮನೆಗೆ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ದೊಡ್ಡಮಾವ ವಾಪಸು ಬಂದು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಬಹಳ ಹೊತ್ತಾದ ಮೇಲೆ ಒಳಗಿದ್ದ ನನಗೆ ಕೇಳುವ ಹಾಗೆ, "ನಾನು ಅಷ್ಟು ಕೆಟ್ಟೋನಾ ಅವ್ವ?" ಎಂದರು. ನಾನು ಉಳಿದ ಅವರೆಕಾಯಿ ಎಳೆದುಕೊಂಡು ಸುಲಿಯತೊಡಗಿದೆ. ಅವರು ಊರಿಗೆ ಹೋಗಿ ಅತ್ತೆಗೆ ಏನೂ ಹೇಳಲಿಲ್ಲ. ನನ್ನ ಗಂಟು ಕಟ್ಟಿಸಲು ಯಾರೂ ಬರಲಿಲ್ಲ.

ಹಬ್ಬದ ದಿನ ಎಲ್ಲ ಮನೆಗಳಿಗೂ ಬಂದ ಹಾಗೆ ನಮ್ಮ ಮನೆಗೂ ತಟ್ಟೆ ಬಂತು, ಅಕ್ಕನೇ ತಂದರು. ಕಲ್‌ಕಲ್, ರವೆ ಉಂಡೆ, ಒಂದು ತುಂಡು ಕೇಕು. ನಾನು ನೀಲಿ ಸೀರೆ ಒಗೆದು ಮಡಿಸಿಟ್ಟಿದ್ದೆ, ಅದನ್ನು ಕೊಟ್ಟೆ. ತಟ್ಟೆ ಬರಿದಾಗಿ ಕಳಿಸಬಾರದೆಂದು ಸಕ್ಕರೆ ಹಾಕಿದೆ. "ಸಾರು ಹೇಗಾಗಿತ್ತು?" ಎಂದು ಕೇಳಿದರು. "ಚೆನ್ನಾಗಿತ್ತು" ಎಂದೆ. ಅಷ್ಟೇ ಮಾತು.

ನಲ್ಲಿಯ ಹತ್ತಿರ ಎದುರು ಮನೆಯವಳು ಮಾತ್ರ ಬಿಡಲಿಲ್ಲ. "ಏನಮ್ಮ, ನಿಮ್ಮನೆಗೆ ಕೆಲಸದವರು ಸಾಕಾ, ನಾನೂ ಬರ್ಲಾ? ಹೊರೆ ಹೊರೋಕೆ ಬರಲ್ಲ, ಪಾತ್ರೆ ತಿಕ್ತೀನಿ" ಎಂದಳು. ಅಕ್ಕ ಬಿಂದಿಗೆ ಎತ್ತುತ್ತ, "ಸಾಕು ಬಿಡೇ, ಮಗು ಅದು" ಎಂದರು. ಅವರಿಗೆ ಕೋಪ ಇತ್ತೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ. ಜ್ವರ ಬಂದಾಗ ಗಂಜಿ ತಂದುಕೊಟ್ಟರು. ನಿಮ್ಮ ದೊಡ್ಡಪ್ಪ ಹುಟ್ಟಿದಾಗ ಮೊದಲು ಎತ್ತಿಕೊಂಡವರೂ ಅವರೇ. ಆದರೆ ಮತ್ತೆ ಯಾವತ್ತೂ, "ಬಾರೇ, ಮಾರ್ಕೆಟ್ಟಿಗೆ ಹೋಗಿ ಬರೋಣ" ಎಂದು ಕರೆಯಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ರಾಗಿಯನ್ನು ಅವರೇ ಬಿತ್ತಿಕೊಂಡರು. ಅಕ್ಕ, ಎದುರು ಮನೆಯವಳು ಇಬ್ಬರೂ ಹಬ್ಬದ ಸಾಮಾನು ತರಲು ಹೊರಟಾಗ ನಾನು ಕಿಟಕಿಯಿಂದ ನೋಡಿದೆ. ನಾನು ಬರಲೇ ಎಂದು ಕೇಳಬಹುದಿತ್ತು. ಕೇಳಿದ್ದರೆ ಬೇಡ ಎನ್ನುತ್ತಿರಲಿಲ್ಲ.

ಇನ್ನೊಂದೆರಡು ವರ್ಷಕ್ಕೆ ಅವರ ಯಜಮಾನರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಇವತ್ತಾದರೂ ಕ್ಷಮಿಸಿ ಎಂದು ಕೇಳಲೇಬೇಕೆಂದು ಬೆಳಿಗ್ಗೆಯಿಂದ ಮಾತು ಕೂಡಿಸಿಕೊಂಡು ಹೋದೆ. ಅಕ್ಕ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಿದರು. ನಾನು, "ತಿಂಡಿ ಆಯ್ತಾ ಅಕ್ಕ?" ಎಂದು ಕೇಳಿದೆ. "ಆಯ್ತು ಕಣಮ್ಮ" ಎಂದು ಮತ್ತೆ ಕಟ್ಟತೊಡಗಿದರು. ಗಾಡಿ ಹೋಯಿತು. ಆಮೇಲೆ ಅವರ ಸುದ್ದಿ ಇಲ್ಲ.

ನಿಮ್ಮ ತಾತ ಇರುವವರೆಗೂ ಪ್ರತಿ ವರ್ಷ ಡಿಸೆಂಬರಿನಲ್ಲಿ ಒಂದು ಸಲ, "ವಿಳಾಸ ಹುಡುಕೋಣವಾ?" ಎಂದು ಕೇಳುತ್ತಿದ್ದರು. ನಾನು ಆಗಲಿ ನೋಡೋಣ ಎನ್ನುತ್ತಿದ್ದೆ. ಈಗ ಅವರಿಲ್ಲ, ಹುಡುಕೋಣವಾ ಎಂದು ಕೇಳುವವರೂ ಇಲ್ಲ. ಅಕ್ಕ ಇದ್ದರೆ ನನಗಿಂತ ವಯಸ್ಸಾದವರು, ಇರುವುದು ಅನುಮಾನ.

ದೊಡ್ಡಮಾವ ಅವತ್ತು ಮಾರ್ಕೆಟ್ಟಿನಲ್ಲಿ ಕೇಳಿದ್ದಕ್ಕೆ ಉತ್ತರ ಇದು: ಅವರು ನನ್ನ ಗೆಳತಿ, ಮಾವ. ಈ ಊರಿನಲ್ಲಿ ನನ್ನನ್ನು ಮೊದಲು ಮನೆಯೊಳಗೆ ಕರೆದವರು. ಬಾಯಲ್ಲಿ ಇದನ್ನು ಯಾರ ಮುಂದೆಯೂ ಹೇಳಿಲ್ಲ, ಇನ್ನು ಹೇಳುತ್ತೇನೆಂಬ ನಂಬಿಕೆಯೂ ಇಲ್ಲ. ಕಾಗದದ ಮೇಲೆ ಮಾತ್ರ ಬಂದಿದೆ. ಅದಕ್ಕೇ ಈ ಹಾಳೆಗಳನ್ನು ಎಲ್ಲೆಂದರಲ್ಲಿ ಹಾಕಬೇಡಿ, ಮೂವರಲ್ಲಿ ಒಬ್ಬರಾದರೂ ಜೋಪಾನ ಮಾಡಿ ಇಟ್ಟುಕೊಳ್ಳಿ.